ಹಲೋ ಎಂದರೆ ಇಳಿದು ಬರುವ ಲಿಫ್ಟು

ದೊಡ್ಡ ಸೊಸೆ ಫೋನೆತ್ತಿ ಒಮ್ಮೆ 'ಹಲೋ' ಎಂದದ್ದಕ್ಕೆ, ಏಳಂತಸ್ತಿನ ಕಟ್ಟಡದ ನಟ್ಟನಡುವೆ ಕೆಟ್ಟು ನಿಂತಿದ್ದ ಲಿಫ್ಟೊಂದು ಮೆಕ್ಯಾನಿಕ್ಕಿಗೂ ಕಾಯದೆ ತಾನಾಗಿಯೇ ನೆಲಕ್ಕಿಳಿದು, ಬಾಗಿಲು ತೆರೆದು, ತಲೆ ತಗ್ಗಿಸಿ ನಿಂತಿತ್ತು. ಒಳಗಿದ್ದವರು ಹೊರಗೆ ಬಂದು ದೇವರಿಗೆ ಕೈಮುಗಿಯುವುದನ್ನು ಮರೆತು ಕೈಯಲ್ಲಿದ್ದ ಫೋನಿಗೆ ಕೈಮುಗಿದರು. ಇದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ, ಒಪ್ಪೋಣ. ಆದರೆ ಕಿವಿಯಾರೆ ಕೇಳಿದವರು ಲೆಕ್ಕವಿಲ್ಲದಷ್ಟಿದ್ದಾರೆ, ಏಕೆಂದರೆ ದೊಡ್ಡವಳು ಈ ಸಂಗತಿಯನ್ನು ಹೇಳದೆ ಬಿಟ್ಟ ಮನುಷ್ಯ ಆ ಬೀದಿಯಲ್ಲಿ ಇನ್ನು ಮೇಲೆ ಹುಟ್ಟಬೇಕು.

ಆಫೀಸು ಮನೆಯವರದೇ. ಲಿಫ್ಟುಗಳನ್ನು ನೋಡಿಕೊಳ್ಳುವುದು, ಕೆಟ್ಟರೆ ಸರಿಮಾಡುವುದು ಅವರ ಕಸುಬು. ಶುರುಮಾಡಿದವರು ಮಾವ. ಈಗ ಅವರಿಗೆ ಕಿವಿ ಮಂದ. ಮೂರನೇ ಮಹಡಿಯಲ್ಲಿ, ಆಫೀಸಿನ ಹೊರಗೆ, ಲಿಫ್ಟಿನ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ದಿನವಿಡೀ ಒಂದೇ ಪೇಪರನ್ನು ಓದುತ್ತಾರೆ, ನಡುನಡುವೆ ಸೀನುತ್ತಾರೆ. ಆ ಸೀನಿಗೆ ಮೂರು ಬೀದಿ ಆಚೆ ನಿಲ್ಲಿಸಿದ ಕಾರುಗಳೂ ಬೆಚ್ಚಿಬಿದ್ದು ಕೂಗಿಕೊಳ್ಳುತ್ತವೆ. ದೊಡ್ಡ ಮಗ ಲೆಕ್ಕಪತ್ರ, ಗಿರಾಕಿಗಳ ಓಡಾಟ ನೋಡಿಕೊಳ್ಳುತ್ತಾನೆ. ಚಿಕ್ಕ ಮಗ ಮೆಕ್ಯಾನಿಕ್. ಅವನ ಉಗುರಿನ ಸಂದಿಯ ಗ್ರೀಸು ಹುಟ್ಟಿದಾಗಿನಿಂದ ಇದ್ದದ್ದು ಎಂದು ಮನೆಯವರೆಲ್ಲ ನಂಬಿದ್ದಾರೆ. ಫೋನು ಮಾತ್ರ ದೊಡ್ಡ ಸೊಸೆಯದು. ಮದುವೆಯಾಗಿ ಬಂದ ವರ್ಷವೇ ಮಾವ ಅವಳನ್ನು ಆ ಮೇಜಿನ ಮುಂದೆ ಕೂರಿಸಿ, "ಇದು ನಿಂದು ಕಣಮ್ಮ" ಎಂದಿದ್ದರು. ಅವತ್ತಿನಿಂದ ಆ ರಿಸೀವರನ್ನು ಬೇರೆ ಯಾರಾದರೂ ಎತ್ತಿದ್ದರೆ ಅದು ಧೂಳು ಒರೆಸಲು.

ಆ ಆಫೀಸಿನಲ್ಲಿ ಮಾವ ಹಾಕಿಕೊಟ್ಟ ಪದ್ಧತಿಯೊಂದಿತ್ತು. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಫೋನ್ ಮಾಡಿದರೆ, ಮೆಕ್ಯಾನಿಕ್ ತಲುಪಿ ಬಾಗಿಲು ತೆರೆಯುವ ತನಕ ಈ ಕಡೆಯವರು ಫೋನ್ ಇಡುವ ಹಾಗಿಲ್ಲ. ಮಾತಾಡುತ್ತಲೇ ಇರಬೇಕು. ಏನು ಮಾತಾಡಬೇಕೆಂದು ಮಾವ ಹೇಳಿರಲಿಲ್ಲ. ಆ ಜಾಗವನ್ನು ದೊಡ್ಡವಳು ತುಂಬಿದಳು, ತುಂಬಿ ತುಳುಕಿಸಿದಳು. ಅವಳ ಸೋದರತ್ತೆಯ ಬೆಕ್ಕು ಕನ್ನಡಿ ಮುಂದೆ ಕೂತು ಹಲ್ಲುಜ್ಜುತ್ತಿದ್ದದ್ದು, ಅವಳ ಅಣ್ಣ ಒಂದೇ ಉಸಿರಿಗೆ ಎರಡು ಬಾವಿ ಈಜಿದ್ದು, ಎಲ್ಲವನ್ನೂ ಹೇಳುತ್ತಿದ್ದಳು. ಹಲ್ಲಿನ ಡಾಕ್ಟರೊಬ್ಬರು ಬಾಗಿಲು ತೆರೆದ ಮೇಲೂ ಹೊರಗೆ ಬರದೆ, "ಸ್ವಲ್ಪ ತಾಳ್ರೀ, ಬೆಕ್ಕಿನ ಕಥೆ ಮುಗೀಲಿ" ಎಂದು ಮೈದುನನನ್ನೇ ಗದರಿದ್ದರಂತೆ. ಅಳುತ್ತಾ ಫೋನ್ ಮಾಡಿದವರು ನಗುತ್ತಾ ಇಡುತ್ತಿದ್ದರು. ಇಷ್ಟಂತೂ ನಿಜ, ಇದಕ್ಕೆ ಉಪ್ಪುಖಾರ ಹಚ್ಚುವ ಅಗತ್ಯವಿಲ್ಲ.

ಹೀಗೆ ನೆಮ್ಮದಿಯಾಗಿದ್ದ ರಾಜ್ಯಕ್ಕೆ ಚಿಕ್ಕ ಸೊಸೆ ಬಂದಳು.

ಬಂದವಳು ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. "ನಾನೂ ಆಫೀಸಿಗೆ ಬರ್ತೀನಿ ಭಾವ" ಎಂದಳು. ದೊಡ್ಡವಳ ಗಂಡ ಖುಷಿಯಿಂದ ಪಕ್ಕದ ಕೋಣೆಯಲ್ಲಿ ಮೇಜು ಹಾಕಿಸಿಕೊಟ್ಟ. ಆ ಮೇಜು ಹೊಸದು, ದೊಡ್ಡವಳದು ಹಳೆಯದು. ಆ ಕುರ್ಚಿಗೆ ಚಕ್ರ ಇತ್ತು, ದೊಡ್ಡವಳ ಕುರ್ಚಿಗೆ ಕಾಲು ನಾಲ್ಕಿದ್ದರೂ ನೆಲಕ್ಕೆ ತಾಗುತ್ತಿದ್ದದ್ದು ಮೂರು. ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಸಣ್ಣ ಬುದ್ಧಿ ತನಗಿಲ್ಲ ಎಂದು ದೊಡ್ಡವಳು ಎಲ್ಲರಿಗೂ ಹೇಳುತ್ತಿದ್ದಳು. ಕೇಳದವರಿಗೂ ಹೇಳುತ್ತಿದ್ದಳು. ಒಳಗೆ ಮಾತ್ರ ಬೆಂಕಿ ಎಷ್ಟು ಜೋರಾಗಿ ಉರಿಯುತ್ತಿತ್ತೆಂದರೆ, ಅವಳ ಹತ್ತಿರ ಇಟ್ಟ ಟೀ ಸಂಜೆಯ ತನಕ ಆರುತ್ತಿರಲಿಲ್ಲ.

ಒಂದು ದಿನ ಚಿಕ್ಕವಳು ಚಕ್ರದ ಕುರ್ಚಿಯನ್ನು ಉರುಳಿಸಿಕೊಂಡೇ ಬಂದು ಎಲ್ಲರ ನಡುವೆ ನಿಂತಳು.

"ಭಾವ, ನಮ್ಮ ಫೋನನ್ನ ಇಂಟರ್ನೆಟ್ಟಿಗೆ ಬದಲಾಯಿಸೋಣ. ನಂಬರ್ ಹಳೇದೇ ಇರತ್ತೆ. ಒಂದೇ ಸಲಕ್ಕೆ ನಾಲ್ಕು ಜನ ಫೋನ್ ಮಾಡಿದ್ರೂ ಎಂಗೇಜ್ ಬರಲ್ಲ. ಮೊದಲು ಒಂದು ರೆಕಾರ್ಡಿಂಗ್ ಮಾತಾಡತ್ತೆ, ಸಿಕ್ಕಿಹಾಕ್ಕೊಂಡಿದ್ರೆ ಒಂದು ಒತ್ತಿ, ಸರ್ವೀಸಿಗೆ ಎರಡು ಒತ್ತಿ ಅಂತ."

"ಈಗಿರೋದಕ್ಕೆ ಏನಾಗಿದೆ?" ದೊಡ್ಡವಳು ಕೇಳಿದಳು.

"ಏನಾಗಿಲ್ಲ ಅಕ್ಕ. ಮಳೆ ಬಂದ್ರೆ ಲೈನಲ್ಲಿ ಕಪ್ಪೆ ಕೂಗತ್ತೆ, ಅಷ್ಟೆ."

ಮೈದುನ ನಕ್ಕುಬಿಟ್ಟ. ಗಂಡನೂ ನಕ್ಕ. ಕಿವಿ ಕೇಳದ ಮಾವ ಕೂಡ ಹೊರಗಿನಿಂದ ನಕ್ಕರು, ಎಲ್ಲರೂ ನಗುತ್ತಿದ್ದಾರಲ್ಲ ಎಂದು. ದೊಡ್ಡವಳು ನಗಲಿಲ್ಲ.

"ಆ ರೆಕಾರ್ಡಿಂಗಲ್ಲಿ ಮಾತಾಡೋದು ಯಾರು?" ಎಂದಳು.

"ನೀವೇ ಅಕ್ಕ. ಇನ್ನ್ಯಾರು?"

ಒಂದು ಕ್ಷಣ ಬೆಂಕಿಗೆ ನೀರು ಬಿತ್ತು. ದೊಡ್ಡವಳು ತನ್ನ ಮೂರು ಕಾಲಿನ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಹ್ಞೂಂ, ಇಂಟರ್ನೆಟ್ಟೂ ಒಂದು ಇರಲಿ ಬಿಡಿ" ಎಂದು ಅಪ್ಪಣೆ ಕೊಟ್ಟಳು.

ರೆಕಾರ್ಡಿಂಗ್ ನಡೆದದ್ದು ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಹಳೆಯ ಮೋಟಾರು, ಕೇಬಲ್ ಸುರುಳಿಗಳ ನಡುವೆ ಒಳಗಿದ್ದವರು ವಾರಗಿತ್ತಿಯರು ಇಬ್ಬರೇ. ಅರ್ಧ ಗಂಟೆಯ ಮೇಲೆ ದೊಡ್ಡವಳು ಬಾಗಿಲು ತೆರೆದು ಹೊರಗೆ ಬಂದು, ಮುಖ ಗಂಟು ಹಾಕಿಕೊಂಡು ಹೇಳಿದ್ದಿಷ್ಟು: ತನ್ನ ಧ್ವನಿಯ ಗಟ್ಟಿತನವನ್ನು ಆ ಯಂತ್ರ ತಾಳಿಕೊಳ್ಳಲಿಲ್ಲ. ಮೊದಲ ಮಾತಿಗೇ ಒಳಗಿನಿಂದ ಸುಟ್ಟ ವಾಸನೆ ಬಂತು, ಎರಡನೇ ಮಾತಿಗೆ ಹೊಗೆ. ಇನ್ನೂ ಮಾತಾಡಿದ್ದರೆ ಕಟ್ಟಡಕ್ಕೇ ಬೆಂಕಿ ಹತ್ತುತ್ತಿತ್ತು. ಹಾಗಾಗಿ, ಯಂತ್ರದ ಮೇಲೆ ಕನಿಕರಪಟ್ಟು, ಸಣ್ಣ ಗಂಟಲಿನವಳು ಮಾತಾಡಲಿ ಎಂದು ತಾನೇ ಬಿಟ್ಟುಕೊಟ್ಟದ್ದು. ಚಿಕ್ಕವಳು ಹಿಂದೆಯೇ ಬಂದು, "ಹೌದು ಭಾವ, ಯಂತ್ರದ್ದೇ ತೊಂದರೆ" ಎಂದು ತಲೆಯಾಡಿಸಿದಳು.

ಆ ತಲೆಯಾಡಿಸಿದ್ದೇ ದೊಡ್ಡವಳಿಗೆ ಮುಳ್ಳಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಕ್ಕಿದ್ದರೆ ನಾಲ್ಕು ದಿನ ಮುಖ ಊದಿಸಬಹುದಿತ್ತು. ತಲೆಯಾಡಿಸಿದವಳನ್ನು ಏನು ಮಾಡುವುದು?

ಹೊಸ ಫೋನು ಬಂತು. ಗೋಡೆಯ ಮೂಲೆಯಲ್ಲಿ ಮಿಣಿಮಿಣಿ ಎನ್ನುವ ರೌಟರು, ಮೇಜಿಗೊಂದರಂತೆ ಕಪ್ಪನೆಯ ಚಪ್ಪಟೆ ಫೋನು, ಅದರ ಹಣೆಯ ಮೇಲೆ ಪುಟ್ಟ ಪರದೆ. ಫೋನ್ ಜೋಡಿಸಲು ಬಂದವನು ಕೇಳಿದ: "ಒಂದು ಒತ್ತಿದವರ ಕರೆ ಅಕ್ಕನವರ ಮೇಜಿಗೆ ಬರತ್ತೆ. ಅವರು ಎತ್ತದಿದ್ರೆ ಪಕ್ಕದ ಕೋಣೆಗೆ ಹೋಗೋ ಹಾಗೆ ಮಾಡ್ಲಾ?"

"ಪಕ್ಕದ ಕೋಣೆಗೆ ಯಾಕೆ ಹೋಗ್ಬೇಕು?" ಎಂದಳು ದೊಡ್ಡವಳು. "ನನ್ನ ಫೋನು ನಾನು ಎತ್ತದೇ ಇದ್ದ ದಿನ ಸೂರ್ಯ ಹುಟ್ಟಿರಲ್ಲ. ಇಲ್ಲೇ ಬರ್ಲಿ, ಇಲ್ಲೇ ಇರ್ಲಿ. ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಕೇಳಿಸ್ತೇನೇ?"

"ಕೇಳಿಸ್ತು ಅಕ್ಕ" ಎಂದಳು ಚಿಕ್ಕವಳು.

"ಅಕ್ಕ, ಈ ಪರದೇಲಿ..." ಎಂದು ಅವನು ಇನ್ನೇನೋ ಹೇಳಲು ಹೊರಟ.

"ಪರದೆ ನೋಡಿ ಮಾತಾಡೋಳಲ್ಲಪ್ಪ ನಾನು. ಆ ಕಡೆಯವರು ಉಸಿರು ಬಿಟ್ರೆ ಸಾಕು, ಯಾರು, ಯಾವ ಮಹಡಿ, ಬೆಳಿಗ್ಗೆ ಏನು ತಿಂದಿದ್ದಾರೆ ಎಲ್ಲಾ ಹೇಳ್ತೀನಿ." ಎಂದವಳೇ ಹಳೆ ಕ್ಯಾಲೆಂಡರಿನ ಚೂರೊಂದನ್ನು ಹರಿದು ಪರದೆಯ ಮೇಲೆ ಅಂಟಿಸಿಬಿಟ್ಟಳು.

ಆಮೇಲೆ ಪರೀಕ್ಷೆಗೆಂದು ಗಂಡ ತನ್ನ ಮೊಬೈಲಿನಿಂದ ಆಫೀಸಿನ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಹಿಡಿದ. "ನಮಸ್ಕಾರ" ಎಂದಿತು ಚಿಕ್ಕವಳ ಧ್ವನಿ. ತಣ್ಣಗೆ, ಸ್ಪಷ್ಟವಾಗಿ, ಪಕ್ಕದಲ್ಲೇ ಕೂತು ಹೆಗಲ ಮೇಲೆ ಕೈಯಿಟ್ಟ ಹಾಗೆ. "ಆಹಾ!" ಎಂದ ಗಂಡ. ಹದಿನೆಂಟು ವರ್ಷ ಜೊತೆಗೆ ಬಾಳಿದವಳಿಗೆ ಒಂದು ದಿನವಾದರೂ ಆ 'ಆಹಾ' ಸಿಕ್ಕಿರಲಿಲ್ಲ. ಮುಂದಿನ ಮಾತು ಕೇಳಲು ದೊಡ್ಡವಳು ಅಲ್ಲಿ ನಿಲ್ಲಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಅವತ್ತು ಹರಿದ ನೀರಿನಲ್ಲಿ ಇಡೀ ಊರಿಗೆ ಎರಡು ದಿನ ಸ್ನಾನವಾಗುತ್ತಿತ್ತು.

ಮಾರನೆಯ ದಿನದಿಂದ ಕರೆಗಳು ಮೊದಲು ಚಿಕ್ಕವಳ ಧ್ವನಿ ಕೇಳಿ ಆಮೇಲೆ ದೊಡ್ಡವಳ ಬಳಿ ಬರತೊಡಗಿದವು. "ಏನ್ ಚೆನ್ನಾಗಿ ಮಾತಾಡ್ತಾರಮ್ಮ ನಿಮ್ಮಲ್ಲಿ ಆ ಹುಡುಗಿ!" ಎಂದಳು ಬಟ್ಟೆ ಅಂಗಡಿಯ ಯಜಮಾನಿ. "ನಿಮ್ಮ ಮಗಳೇ?" ಎಂದು ಕೇಳಿದರು ಹಲ್ಲಿನ ಡಾಕ್ಟರು, ಬೆಕ್ಕಿನ ಕಥೆಯ ಅದೇ ಡಾಕ್ಟರು! ದೊಡ್ಡವಳು ಹಲ್ಲು ಕಡಿದ ಸದ್ದು ಅವರ ಕಸುಬಿನ ಕಿವಿಗೆ ಕೇಳಿಸಿರಲೇಬೇಕು.

"ಡಾಕ್ಟ್ರೇ, ಒಂದು ಮಾತು" ಎಂದಳು ದೊಡ್ಡವಳು ದನಿ ತಗ್ಗಿಸಿ. "ಆ ಮೆಷಿನ್ನು ನೆಚ್ಚಿಕೊಳ್ಬೇಡಿ. ಯಾವಾಗ ಕೈಕೊಡತ್ತೋ ಗೊತ್ತಿಲ್ಲ. ನನ್ನ ಮೊಬೈಲ್ ನಂಬರ್ ಬರ್ಕೊಳ್ಳಿ. ನೇರವಾಗಿ ನಂಗೇ ಮಾಡಿ."

ಡಾಕ್ಟರು ಬರೆದುಕೊಂಡರು. ಬಟ್ಟೆ ಅಂಗಡಿಯವಳೂ ಬರೆದುಕೊಂಡಳು. ಆಮೇಲೆ ಫೋನ್ ಮಾಡಿದವರೆಲ್ಲ ಬರೆದುಕೊಂಡರು. ಕೆಲವೇ ದಿನಗಳಲ್ಲಿ ಆಫೀಸಿನ ಹೊಸ ಫೋನುಗಳು ಮೂಕವಾದವು, ದೊಡ್ಡವಳ ಕೈಚೀಲ ಮಾತ್ರ ಗುಂಯ್‌ಗುಟ್ಟುತ್ತಾ ಇತ್ತು.

ಆದರೆ ಆಫೀಸಿನಲ್ಲಿ ಕೂತು ಆ ಕರೆಗಳನ್ನು ತೆಗೆದುಕೊಳ್ಳುವ ಹಾಗಿರಲಿಲ್ಲ, ಪಕ್ಕದ ಕೋಣೆಗೆ ಕೇಳಿಸುತ್ತದೆ. ಮೆಟ್ಟಿಲಲ್ಲಿ ಜನ ಓಡಾಡುತ್ತಾರೆ. ಯೋಚಿಸಿ ಯೋಚಿಸಿ ಅವಳು ಕಂಡುಕೊಂಡ ಜಾಗ ಲಿಫ್ಟು. ಕೈಚೀಲ ಗುಂಯ್‌ಗುಟ್ಟಿದೊಡನೆ ಎದ್ದು, ಮಾವನನ್ನು ದಾಟಿ, ಲಿಫ್ಟಿನೊಳಗೆ ಹೋಗಿ, ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಬಂದಾಗ ಕೆಂಪು ಗುಂಡಿ ಒತ್ತಿ ನಿಲ್ಲಿಸಿಬಿಡುವಳು. ಯಾರ ಕಾಟವೂ ಇಲ್ಲ. ಮಾತು ಮುಗಿದ ಮೇಲೆ ಗುಂಡಿಯನ್ನು ಹೊರಗೆಳೆದರೆ ಲಿಫ್ಟು ಮತ್ತೆ ಚಲಿಸುತ್ತಿತ್ತು. ಅಲ್ಲಿಂದಲೇ ಮೈದುನನಿಗೆ ಫೋನ್ ಮಾಡಿ, "ಡಾಕ್ಟ್ರ ಬಿಲ್ಡಿಂಗಲ್ಲಿ ಬಾಗಿಲು ಮುಚ್ತಿಲ್ಲವಂತೆ, ದಾರೀಲಿ ಸಿಕ್ಕಿದ್ರು" ಎನ್ನುವಳು. ಮೈದುನನಿಗೆ ಅತ್ತಿಗೆಯ ದಾರಿಯಲ್ಲಿ ಇಷ್ಟೊಂದು ಜನ ಸಿಗುವುದು ಆಶ್ಚರ್ಯವಾಗಿತ್ತು. ಅದಕ್ಕಿಂತ ಆಶ್ಚರ್ಯ, ತಮ್ಮ ಕಟ್ಟಡದ ಲಿಫ್ಟಿನ ಕೆಂಪು ಗುಂಡಿ ಸಡಿಲವಾಗಿದ್ದು.

"ಯಾರೋ ಆ ಗುಂಡೀನ ಸುಮ್ಸುಮ್ನೆ ಒತ್ತಿ ಎಳೀತಿದ್ದಾರೆ. ನೀವು ಮುಟ್ಬೇಡಿ ಅತ್ತಿಗೆ, ಕಿತ್ಕೊಂಡು ಬರತ್ತೆ."

"ನಾನ್ಯಾಕೆ ಮುಟ್ಲಿ? ನನಗೇನು ಬೇರೆ ಕೆಲಸ ಇಲ್ವಾ?" ಎಂದಳು ದೊಡ್ಡವಳು. ಆಗಲೇ ಕೈಚೀಲ ಗುಂಯ್ ಎಂದಿತು.

ಇತ್ತ ಚಿಕ್ಕವಳ ಮುಖ ದಿನೇ ದಿನೇ ಇಳಿಯಿತು. ಫೋನು ಬರುತ್ತಿಲ್ಲವೆಂದರೆ ಹೊಸ ವ್ಯವಸ್ಥೆಯಲ್ಲೇ ದೋಷವಿರಬೇಕು. ಅವಳು ರೌಟರನ್ನು ಕಿತ್ತು ಮತ್ತೆ ಹಾಕಿದಳು. ವೈರು ಬದಲಾಯಿಸಿದಳು. ಜೋಡಿಸಿದವನಿಗೆ ಫೋನ್ ಮಾಡಿ ಮಾಡಿ ಬೈಸಿಕೊಂಡಳು. ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ವಾಪಸ್ ತೆಗೆದುಕೊಂಡು ಹೋದ ದಿನವೂ ಉಂಟು. ಒಂದು ಮಧ್ಯಾಹ್ನ ದೊಡ್ಡವಳ ಗಂಡ ಪೆನ್ನು ಮುಚ್ಚಿಟ್ಟು, "ಈ ತಿಂಗಳು ನೋಡೋಣ ಕಣಮ್ಮ. ಇಲ್ಲಾಂದ್ರೆ ಹಳೇ ಲೈನಿಗೇ ಹೋಗೋಣ. ನಿನ್ನ ಮೇಜೂ ಸುಮ್ನೆ ಯಾಕೆ, ಮನೇಲೇ ಆರಾಮಾಗಿರು" ಎಂದ. ಚಿಕ್ಕವಳು ಚಕ್ರದ ಕುರ್ಚಿಯನ್ನು ಉರುಳಿಸದೆ, ಎತ್ತಿಕೊಂಡು ಹೋಗಿ ಮೇಜಿನ ಹಿಂದೆ ಇಟ್ಟಳು.

ಗೆದ್ದೆ ಎಂದುಕೊಂಡಳು ದೊಡ್ಡವಳು. ಗೆದ್ದವಳಿಗೆ ಬಾಯಿ ಸಿಹಿಯಾಗಬೇಕಿತ್ತು, ಯಾಕೋ ಹರಳೆಣ್ಣೆ ಕುಡಿದ ಹಾಗಿತ್ತು.

ಅದೇ ವಾರದಲ್ಲಿ ಒಂದು ದಿನ ಗಂಡ ಗಿರಾಕಿಯೊಬ್ಬರನ್ನು ನೋಡಲು ಹೋಗಿದ್ದ, ಮೈದುನ ಊರಾಚೆಯ ಗೋದಾಮಿನ ಲಿಫ್ಟಿನ ಕೆಳಗೆ ಮಲಗಿದ್ದ. ಆಫೀಸಿನಲ್ಲಿ ಇದ್ದವರು ವಾರಗಿತ್ತಿಯರಿಬ್ಬರು, ಹೊರಗೆ ಮಾವ. ಕೈಚೀಲ ಗುಂಯ್ ಎಂದಿತು. ದೊಡ್ಡವಳು ಎದ್ದಳು, ಲಿಫ್ಟು ಹೊಕ್ಕಳು, ನಡುವೆ ಕೆಂಪು ಗುಂಡಿ ಒತ್ತಿದಳು, ಬಟ್ಟೆ ಅಂಗಡಿಯವಳ ಜೊತೆ ಮಾತಾಡಿದಳು, ಮುಗಿಸಿದಳು, ಗುಂಡಿ ಎಳೆದಳು.

ಗುಂಡಿ ಕೈಗೇ ಬಂತು.

ಲಿಫ್ಟು ಬರಲಿಲ್ಲ. ಅವಳು ಗುಂಡಿಯನ್ನು ತೂತಿಗೆ ಸೇರಿಸಿ ಒತ್ತಿದಳು, ತಿರುಗಿಸಿದಳು, ಬುದ್ಧಿ ಹೇಳಿದಳು, ಕೊನೆಗೆ ಬೈದಳು. ಮೇಲಿನ ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಎಷ್ಟೋ ಜನರಿಗೆ "ಏನೂ ಆಗಲ್ಲ, ಗಾಳಿ ಆಡತ್ತೆ, ಹಗ್ಗ ಕಿತ್ತುಬರಲ್ಲ" ಎಂದು ಹೇಳಿದವಳಿಗೆ, ಆ ಮಾತನ್ನು ತನಗೆ ಯಾರೂ ಹೇಳುತ್ತಿಲ್ಲವೆನ್ನುವುದು ಆಗ ಹೊಳೆಯಿತು.

ಕೂಗಬಹುದಿತ್ತು. ಆದರೆ ಲಿಫ್ಟಿನವರ ಮನೆಯ ದೊಡ್ಡ ಸೊಸೆ ತಮ್ಮದೇ ಲಿಫ್ಟಿನಲ್ಲಿ ಸಿಕ್ಕಿಕೊಂಡಳೆಂದು ಕಟ್ಟಡಕ್ಕೆಲ್ಲ ಗೊತ್ತಾದರೆ ಮತ್ತೆ ಮುಖ ಎತ್ತುವುದುಂಟೇ? ಬಾಗಿಲೆದುರಿಗೆ ಕೂತ ಮಾವನಿಗೆ ಕೇಳಿಸುವುದಂತೂ ಸುಳ್ಳು. ಮೈದುನನಿಗೆ ಮಾಡಿದರೆ ಮುಟ್ಟಬೇಡಿ ಎಂದ ಗುಂಡಿಯ ಮಾತು ಬರುತ್ತದೆ. ಗಂಡನಿಗೆ ಮಾಡಿದರೆ ಲಿಫ್ಟಿನಲ್ಲಿ ಏನು ಮಾಡುತ್ತಿದ್ದೆ ಎನ್ನುತ್ತಾನೆ. ಚಿಕ್ಕವಳ ಮೊಬೈಲ್ ನಂಬರು? ಅದನ್ನು ಉಳಿಸಿಕೊಂಡೇ ಇರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಆಫೀಸಿನಲ್ಲಿ ಇದ್ದೂ, ಬೇಕಾಗುವುದಿಲ್ಲ ಎಂದುಕೊಂಡಿದ್ದಳು.

ಉಳಿದದ್ದು ಆಫೀಸಿನ ನಂಬರು. ಜನ್ಮದಲ್ಲಿ ಅವಳು ಆ ನಂಬರಿಗೆ ಫೋನ್ ಮಾಡಿರಲಿಲ್ಲ. ಎತ್ತುವವಳೇ ತಾನಾಗಿದ್ದಾಗ ಮಾಡುವುದಾದರೂ ಯಾರಿಗೆ? ಮಾಡಿದಳು.

"ನಮಸ್ಕಾರ" ಎಂದಿತು ಚಿಕ್ಕವಳ ಧ್ವನಿ. ಈ ಸಲ ಬಿಟ್ಟುಹೋಗಲು ಬಚ್ಚಲು ಇರಲಿಲ್ಲ, ಪೂರ್ತಿ ಕೇಳಲೇಬೇಕಾಯಿತು. "ನೀವು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರೆ ಹೆದರಬೇಡಿ. ಒಂದನ್ನು ಒತ್ತಿ. ನಮ್ಮ ಅಕ್ಕ ಇದ್ದಾರೆ. ಬಾಗಿಲು ತೆರೆಯುವವರೆಗೂ ಅವರು ನಿಮ್ಮ ಜೊತೆ ಮಾತಾಡುತ್ತಿರುತ್ತಾರೆ."

ದೊಡ್ಡವಳು ಮೊಬೈಲನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಕಿವಿಗಿಟ್ಟುಕೊಂಡಳು. ಒಂದನ್ನು ಒತ್ತಿದಳು.

ತಲೆಯ ಮೇಲೆ, ಅರ್ಧ ಮಹಡಿಯಾಚೆ, ಅವಳ ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಮೊಬೈಲಿನಲ್ಲೂ ಕೇಳಿಸುತ್ತಿತ್ತು, ಬಾಗಿಲ ಸಂದಿಯಿಂದಲೂ ಕೇಳಿಸುತ್ತಿತ್ತು. ಬಡಿದುಕೊಂಡಿತು, ಬಡಿದುಕೊಂಡಿತು. ಪಕ್ಕದ ಕೋಣೆಯಿಂದ ಚಕ್ರದ ಕುರ್ಚಿ ಉರುಳಿಬಂದ ಸದ್ದಾಯಿತು. ಮೇಜಿನ ಹತ್ತಿರ ಬಂದು ನಿಂತಿತು. ಎತ್ತೇ, ಎತ್ತೇ ಎಂದು ದೊಡ್ಡವಳ ಜೀವ ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ. ಬೇರೆ ಯಾರೂ ಮುಟ್ಟುವ ಹಾಗಿಲ್ಲ ಎಂದು ಅವಳೇ ಹೇಳಿದ್ದಲ್ಲವೇ? ಫೋನು ಸುಮ್ಮನಾಯಿತು, ಕುರ್ಚಿ ಉರುಳಿಕೊಂಡು ವಾಪಸ್ ಹೋಯಿತು.

ದೊಡ್ಡವಳು ಮತ್ತೆ ಮಾಡಿದಳು. ಈ ಸಲ ಬೆರಳು ಚಿಕ್ಕವಳ ಮೇಜಿಗೆ ಹೋಗುವ ಎರಡರ ಮೇಲೆ ನಿಂತಿತು. ಆ ಎರಡನ್ನು ಒತ್ತಲು ಅವಳಿಗೆ ಬೇಕಾದ ಬಲದಲ್ಲಿ ಲಿಫ್ಟನ್ನೇ ಕೈಯಿಂದ ಎತ್ತಿ ಮೂರನೇ ಮಹಡಿಗೆ ಕೂರಿಸಬಹುದಿತ್ತು.

"ಹಲೋ, ಹೇಳಿ" ಎಂದಳು ಚಿಕ್ಕವಳು.

ನಾನು ಕಣೇ ಎನ್ನಲು ಬಾಯಿ ತೆರೆದವಳಿಗೆ ಮೊದಲು ಬಂದದ್ದು ಅಭಿಮಾನ. ಮೂಗು ಹಿಡಿದುಕೊಂಡಳು. ಮೊಬೈಲಿಗಾದರೆ ಹೆಸರು ಬರುತ್ತದೆ, ಆಫೀಸಿನ ಫೋನಿಗೆ ಆ ಬುದ್ಧಿ ಎಲ್ಲಿಂದ ಬರಬೇಕು!

"ನಾನೊಬ್ಬಳು... ಕೆಳಗಡೆ ಆಫೀಸಿಗೆ ಬಂದೋಳು. ನಿಮ್ಮ ಬಿಲ್ಡಿಂಗ್ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದೀನಿ. ನೀವೇನೂ ಎದ್ದು ಬರೋದು ಬೇಡ. ಮೆಕ್ಯಾನಿಕ್‌ನ ಕಳಿಸಿದ್ರೆ ಸಾಕು."

ಆ ಕಡೆ ಮೊಬೈಲಿನ ಮೇಲೆ ಬೆರಳು ಟಪಟಪ ಓಡಿದ ಸದ್ದಾಯಿತು.

"ಗಾಬರಿಯಾಗ್ಬೇಡಿ ಮೇಡಂ. ಅವರಿಗೆ ಈಗ್ಲೇ ಮೆಸೇಜ್ ಹಾಕ್ದೆ, ಹೊರಟಿದ್ದಾರೆ. ಬರೋ ತನಕ ನಾನು ಮಾತಾಡ್ತಾ ಇರ್ತೀನಿ. ಫೋನ್ ಇಡೋ ಹಾಗಿಲ್ಲ, ಅದು ನಮ್ಮಲ್ಲಿ ಪದ್ಧತಿ."

ಬಿಗಿದುಕೊಂಡಿದ್ದ ಭುಜ ತುಸು ಸಡಿಲವಾಯಿತು. ಸಡಿಲವಾದದ್ದೇ ತಡ, ಒಳಗಿನ ಬೆಂಕಿ ಮತ್ತೆ ತಲೆಯೆತ್ತಿತು. ಅಪರಿಚಿತಳ ಬಾಯಲ್ಲಿ ಹೇಳಿಸುವ ಅವಕಾಶ ಮತ್ತೆ ಸಿಗುವುದುಂಟೇ?

"ಅಲ್ಲಮ್ಮ, ನಿಮ್ಮ ಫೋನಲ್ಲಿ ಮೊದಲು ಮಾತಾಡೋಳು ಯಾರು? ಅದೊಂದು ಧ್ವನೀನಾ? ಬಾಗಿಲ ಕೀಲಿಗೆ ಎಣ್ಣೆ ಹಾಕದ ಹಾಗಿದೆ. ಮುಂಚೆ ಒಬ್ರು ಅಕ್ಕ ಇದ್ರಲ್ಲ, ಅವರದ್ದು ಧ್ವನಿ ಅಂದ್ರೆ ಧ್ವನಿ."

"ಹೌದು ಮೇಡಂ. ಅದು ನಂದೇ ಧ್ವನಿ" ಎಂದಳು ಚಿಕ್ಕವಳು. "ಅಕ್ಕಂದೇ ಹಾಕ್ಬೇಕು ಅಂತಿತ್ತು. ಆದ್ರೆ ಅಕ್ಕನ ಧ್ವನಿ ಎಷ್ಟು ಗಟ್ಟಿ ಅಂದ್ರೆ, ಯಂತ್ರ ತಾಳ್ಲಿಲ್ಲ. ಮೊದಲ್ನೇ ಮಾತಿಗೇ ಸುಟ್ಟ ವಾಸನೆ ಬಂತು. ನಾನು ಕಣ್ಣಾರೆ ನೋಡಿದೀನಿ."

ದೊಡ್ಡವಳ ಮೂಗಿನಿಂದ ಕೈ ಜಾರಿತು. ಈ ಹುಡುಗಿ ಹೊರಗಿನವರ ಎದುರಿಗೂ ತಲೆಯಾಡಿಸುತ್ತಿದ್ದಾಳಲ್ಲ! ಮತ್ತೆ ಹಿಡಿದುಕೊಂಡಳು.

"ಅಕ್ಕನ ಬಗ್ಗೆ ಹೇಳ್ಬೇಕು ಅಂದ್ರೆ ಒಂದು ದಿನ ಸಾಲಲ್ಲ ಮೇಡಂ" ಎಂದು ಚಿಕ್ಕವಳು ಮುಂದುವರಿಸಿದಳು. ದನಿಯಲ್ಲೇನೋ ಉತ್ಸಾಹ ಬಂದಿತ್ತು. "ಅವರ ಸೋದರತ್ತೆ ಮನೇಲಿ ಒಂದು ಆನೆ ಇತ್ತಂತೆ, ಕನ್ನಡಿ ಮುಂದೆ ಕೂತು ಹಲ್ಲುಜ್ತಿತ್ತಂತೆ."

ದೊಡ್ಡವಳು ತುಟಿ ಕಚ್ಚಿಕೊಂಡಳು.

"ಅವರಣ್ಣ ಒಂದೇ ಉಸಿರಿಗೆ ಆರು ಬಾವಿ ಈಜಿದ್ರಂತೆ."

ದೊಡ್ಡವಳು ಮೂಗನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

"ಅದೆಲ್ಲಾ ಬಿಡಿ. ಒಂದ್ಸಲ ಅಕ್ಕ ಬರೀ ಹಲೋ ಅಂದಿದ್ದಕ್ಕೆ, ಇಪ್ಪತ್ತೆರಡು ಅಂತಸ್ತಿನ ಕಟ್ಟಡದಲ್ಲಿ..."

"ಇಪ್ಪತ್ತೆರಡಲ್ಲ ಕಣೇ, ಏಳು!"

ಮೂಗು ಬಿಟ್ಟು, ಎದೆಯಾಳದಿಂದ, ಹದಿನೆಂಟು ವರ್ಷದ ಪೂರ್ತಿ ಧ್ವನಿಯಲ್ಲಿ ಬಂತು ಮಾತು. ಬಾಯಿಗೆ ಕೈ ಹೋಗುವಷ್ಟರಲ್ಲಿ ಅದು ಫೋನಿನಿಂದಲೂ ಬಾಗಿಲ ಸಂದಿಯಿಂದಲೂ ಮೇಲೆ ಹತ್ತಿ ಹೋಗಿಯಾಗಿತ್ತು. ಮಾವ ಸೀನಿದರು. ಆ ಸೀನು ಎರಡು ಸಲ ಕೇಳಿಸಿತು, ಒಮ್ಮೆ ಕಿವಿಯಲ್ಲಿ, ಒಮ್ಮೆ ತಲೆಯ ಮೇಲೆ.

"ಏಳಾ ಅಕ್ಕ?" ಎಂದಳು ಚಿಕ್ಕವಳು ಮೆಲ್ಲಗೆ.

"ನಿಂಗೆ... ಯಾವಾಗ ಗೊತ್ತಾಯ್ತು?"

"ಫೋನ್ ಎತ್ತೋಕೆ ಮುಂಚೇನೇ. ಪರದೇಲಿ ಹೆಸರು ಬರತ್ತಕ್ಕ. ನೀವು ಕ್ಯಾಲೆಂಡರ್ ಅಂಟಿಸಿದ್ದೀರಲ್ಲ, ಅಲ್ಲಿ. ನಿಮ್ಮ ಹೆಸರು 'ನಮ್ಮಕ್ಕ' ಅಂತ ಹಾಕಿದೀನಿ." ಚಕ್ರದ ಕುರ್ಚಿ ಉರುಳಿತು. ಆಮೇಲೆ ಧ್ವನಿ ಫೋನಿಗಿಂತ ಬಾಗಿಲ ಸಂದಿಯಿಂದ ಜೋರಾಗಿ ಬಂತು. ಅವಳು ಫೋನನ್ನು ವೈರಿನ ಸಮೇತ ಎಳೆದುಕೊಂಡು ಲಿಫ್ಟಿನ ಬಾಗಿಲ ಹತ್ತಿರವೇ ಬಂದು ಕೂತಿದ್ದಳು. "ಗುಂಡಿ ಕಿತ್ತುಬಂತಾ?"

"ಕೈಲೇ ಇದೆ."

"ಲಿಫ್ಟಲ್ಲಿ ಏನ್ಮಾಡ್ತಿದ್ರಿ ಅಕ್ಕ?"

ರೈಲು ಬಿಡಲು ದೊಡ್ಡವಳಿಗೆ ಇದು ಒಳ್ಳೆಯ ನಿಲ್ದಾಣ. ಏನಾದರೂ ಹೇಳಬಹುದಿತ್ತು. ಹಗ್ಗ ಪರೀಕ್ಷೆ ಮಾಡುತ್ತಿದ್ದೆ, ಕಳ್ಳನನ್ನು ಹಿಡಿಯುತ್ತಿದ್ದೆ, ಹಕ್ಕಿಮರಿ ಸಿಕ್ಕಿಕೊಂಡಿತ್ತು. ಅಂಗೈಯಲ್ಲಿದ್ದ ಕೆಂಪು ಗುಂಡಿ ನೋಡಿದಳು. ಯಾವ ಕಥೆಯೂ ಹುಟ್ಟಲಿಲ್ಲ.

"ಫೋನಲ್ಲಿ ಮಾತಾಡ್ತಿದ್ದೆ. ಗಿರಾಕಿಗಳ ಜೊತೆ. ಎಲ್ಲರಿಗೂ ನನ್ನ ಮೊಬೈಲ್ ನಂಬರ್ ಕೊಟ್ಟಿದೀನಿ. ಆಫೀಸಿಗೆ ಮಾಡ್ಬೇಡಿ, ನಂಗೇ ಮಾಡಿ ಅಂತ. ಅದಕ್ಕೇ ನಿನ್ನ ಫೋನು ಬಡ್ಕೊಳ್ತಿಲ್ಲ. ರೌಟರಿಗೆ ಏನೂ ಆಗಿಲ್ಲ."

ಚಕ್ರದ ಕುರ್ಚಿ ಒಮ್ಮೆ ಹಿಂದಕ್ಕೆ ಉರುಳಿ ಮತ್ತೆ ಮುಂದಕ್ಕೆ ಬಂತು.

"ನಾನು ದಿನಾ ಆ ವೈರು ಕಿತ್ತು ಹಾಕ್ತಿದ್ದೆ ಅಕ್ಕ" ಎಂದಳು ಚಿಕ್ಕವಳು. "ಭಾವ ಮನೇಲಿರು ಅಂದಾಗ ನೀವು ಅಲ್ಲೇ ಕೂತಿದ್ರಿ. ಒಂದು ಮಾತು ಹೇಳ್ಲಿಲ್ಲ."

"ಹೇಳ್ಲಿಲ್ಲ."

"ಯಾಕೆ?"

"ಫೋನ್ ಇಡ್ಬೇಡ ಕಣೇ" ಎಂದಳು ದೊಡ್ಡವಳು ಗಾಬರಿಯಿಂದ.

"ಇಡಲ್ಲ. ಇಡೋ ಹಾಗಿಲ್ಲ ಅಲ್ವಾ. ಯಾಕೆ ಅಂತ ಹೇಳಿ."

ದೊಡ್ಡವಳು ಲಿಫ್ಟಿನ ನೆಲದ ಮೇಲೆ ಕೂತುಕೊಂಡಳು.

"ನೀನು ನೋಡಿದೀಯಲ್ಲ ಅವತ್ತು. ಯಂತ್ರ ಎಲ್ಲಿ ಸುಟ್ಟಿತ್ತು? ಕೆಂಪು ದೀಪ ಹತ್ತಿದ್ದೇ ನನ್ನ ನಾಲಿಗೆ ಒಣಗಿಹೋಯ್ತು. ಆ ಕಡೆ ಯಾರೂ ಇಲ್ಲ, ಯಾರೂ ಹ್ಞಾಂ ಅನ್ನಲ್ಲ, ಅಳಲ್ಲ, ನಗಲ್ಲ. ಹೇಗ್ಮಾತಾಡೋದು? ಅರ್ಧ ಗಂಟೆ ಒಂದು ನಮಸ್ಕಾರ ಅನ್ನೋಕಾಗ್ಲಿಲ್ಲ ನಂಗೆ. ನೀನು ಒಂದೇ ಸಲಕ್ಕೆ ಹೇಳ್ಬಿಟ್ಟೆ. ಆಮೇಲೆ ಹೊರಗೆ ಬಂದು ತಲೆ ಬೇರೆ ಆಡಿಸಿದೆ. ನಿನ್ನ ಮುಖ ನೋಡ್ದಾಗಲೆಲ್ಲ ನಂಗೆ ಆ ಅರ್ಧ ಗಂಟೆ ಕಾಣ್ತಿತ್ತು. ಹೊಟ್ಟೆ ಉರೀತಿತ್ತು ಕಣೇ."

ಮೇಲೆ ಮೂಗೆಳೆದ ಸದ್ದು. ಅತ್ತದ್ದೋ ನಕ್ಕದ್ದೋ, ಉಸಿರು ಕೇಳಿಯೇ ಎಲ್ಲ ಹೇಳಿಬಿಡುವವಳಿಗೆ ಗೊತ್ತಾಗಲಿಲ್ಲ.

"ಆಫೀಸ್ ನಂಬರಿಗೇ ಮಾಡಿ ಅಂತ ಎಲ್ಲರಿಗೂ ನೀವೇ ಹೇಳ್ಬೇಕು ಅಕ್ಕ. ಒಬ್ಬೊಬ್ರಿಗೂ ಫೋನ್ ಮಾಡಿ. ಭಾವನಿಗೂ ನೀವೇ ಹೇಳ್ಬೇಕು."

"ಹೇಳ್ತೀನಿ."

"ನೀವು ಎತ್ತದೇ ಇದ್ರೆ ನನ್ನ ಮೇಜಿಗೆ ಬರ್ಬೇಕು."

"ಬರ್ಲಿ."

ಕೆಳಗೆ ಬೀದಿಯಲ್ಲಿ ಮೈದುನನ ಗಾಡಿಯ ಸದ್ದು ಕೇಳಿಸಿತು.

"ಬಂದ್ರು. ಬಾಗಿಲು ತೆಗೆಯೋಕೆ ಮುಂಚೆ ಇನ್ನೊಂದು ಕೇಳ್ತೀನಿ, ನಿಜ ಹೇಳ್ಬೇಕು. ಆ ಕಟ್ಟಡ ಏಳಂತಸ್ತಿಂದಾ?"

ದೊಡ್ಡವಳು ಗುಂಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಐದು" ಎಂದಳು.

"ಅಕ್ಕ."

"ಮೂರು. ಕರೆಂಟ್ ಹೋಗಿತ್ತು, ಬಂತು, ಲಿಫ್ಟು ಇಳೀತು." ಮೆಟ್ಟಿಲ ಮೇಲೆ ಮೈದುನನ ಬೂಟಿನ ಸದ್ದು ಹತ್ತಿರವಾಯಿತು. ದೊಡ್ಡವಳು ಫೋನನ್ನು ಬಾಯಿಗೆ ಹತ್ತಿರ ತಂದು, ಮಾವನಿಗೂ ಕೇಳಿಸಬಾರದೆನ್ನುವಷ್ಟು ಮೆತ್ತಗೆ ಹೇಳಿದಳು: "ನಾನಿನ್ನೂ ಹಲೋ ಅಂದೇ ಇರ್ಲಿಲ್ಲ ಕಣೇ."